ನೂರಾ ಎಂಬತ್ತೇಳು ಯೂನಿಟ್ಟು

ಭದ್ರಾವತಿಯ ಹಳೇ ಕಾಲೋನಿ, ಹನ್ನೊಂದನೇ ಲೈನು,
ನಾಲ್ಕನೇ ಕ್ವಾರ್ಟರ್ಸು.
ಮೂರು ವರ್ಷ ಮೀಟರು ಕದಲಿರಲಿಲ್ಲ.
ಮಿನಿಮಮ್ ಚಾರ್ಜು ಬರೆದು, ಬಿಲ್ಲನ್ನು ಚಿಲಕಕ್ಕೆ ಸಿಕ್ಕಿಸಿ
ಮುಂದಿನ ಮನೆಗೆ ಹೋಗುವುದು ರೂಢಿ.
ಮಾರ್ಚಿನಲ್ಲಿ ನೋಡಿದರೆ
ನೂರಾ ಎಂಬತ್ತೇಳು ಯೂನಿಟ್ಟು!

ಕೋಳಿಮರಿಗೆ ಬಲ್ಬು ಹಚ್ಚಿದ್ದಾರೋ,
ಯಾರಾದರೂ ಕದ್ದು ವೆಲ್ಡಿಂಗ್ ಇಟ್ಟರೋ
ಅಂತ ಬಾಗಿಲು ಬಡಿದೆ.
ಒಳಗಿಂದ ಹಾಸಿಗೆ ಒರಗಿಸಿದ್ದರು.
ಅದರ ಹತ್ತಿ ತೂರಿಕೊಂಡು ಬಂತು ಒಂದು ಗಿಟಾರು,
ಮೊದಲು ಬಾಣಲೆಗೆ ಬಿದ್ದ ಸಾಸಿವೆಯ ಚಿಟಪಟ,
ಆಮೇಲೆ ಅಂಚು ಸವೆದ ನಾಣ್ಯದ ಹಾಗೆ
ಉರುಟು, ಬೆಚ್ಚಗೆ.

ನಾಲ್ವರಿದ್ದರು. ಯಾರಿಗೂ ಇಪ್ಪತ್ತೈದು ದಾಟಿಲ್ಲ.
ಡ್ರಮ್ಮಿಗೆ ನಫೀಸಾ. ಬಾಸಿಗೆ ಸಿದ್ಲೀಪುರದ ಹಾಲೇಶ.
ಹಾಡುವವನು ಜೋಯೆಲ್.
ಹಾರ್ಮೋನಿಯಮ್ಮಿಗೆ ಮೈಕು ಅಂಟಿಸಿ
ಅದನ್ನೇ ಆರ್ಗನ್ ಅಂತ ನಂಬಿಸುತ್ತಿದ್ದ ಸಂಜೀವಿನಿ.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬ್ಯಾಂಡಿನ ಹೆಸರು:
ಮೀಡಿಯಂ ವೇವ್.
ನಡುವೆ, ನೆಲದ ಮೇಲೆ, ಅಪರಾಧಿ:
ಗುಜರಿಯ ರೇಡಿಯೋ ಬಿಚ್ಚಿ ಕಟ್ಟಿದ ವಾಲ್ವ್ ಆಂಪ್ಲಿಫಯರು,
ಒಂದೊಂದು ಗಾಜಿನೊಳಗೂ
ಊದುಕಡ್ಡಿಯ ತುದಿಯಷ್ಟು ಕೆಂಪು.

‘ಬಿಸಿಯಾಗೋಕೇ ಕರೆಂಟು ತಿನ್ನುತ್ತೆ ಮೇಡಂ.
ಬಿಸಿಯಾಗದೆ ಆ ದನಿ ಬರೋದಿಲ್ಲ.’
ಯಾವ ದನಿ?
‘ಅರವತ್ತರ ದಶಕದ್ದು’ ಅಂದಳು ಸಂಜೀವಿನಿ,
ನನ್ನ ಸ್ಕೂಟರಿಗಿಂತ ಈಚೆಗೆ ಹುಟ್ಟಿದವಳು.

ಬಕೆಟ್ಟು ಬೋರಲು ಹಾಕಿ ಕೂರಿಸಿದರು.
ಬಿಲ್ಲಿನ ಮಷೀನು ತೊಡೆಯ ಮೇಲೆ.
ನನಗೂ ಆ ದಶಕ ಗೊತ್ತಿಲ್ಲ.
ನಾನು ಹುಟ್ಟುವ ಹೊತ್ತಿಗೆ ಅದರ ಊಟ ಮುಗಿದು
ಪಾತ್ರೆ ತೊಳೆದು ಕವುಚಿಟ್ಟಿದ್ದರು.
ಆದರೂ ಎರಡನೇ ಚರಣಕ್ಕೆ ನಾಲ್ಕೂ ದನಿ ಕೂಡಿದಾಗ
ಬಸ್ಸಿನಲ್ಲಿ ಯಾರದೋ ಕೊಡೆ ಎತ್ತಿಕೊಂಡು,
ಅದರ ಹಿಡಿ ಇನ್ನೂ ಬೆಚ್ಚಗಿದ್ದ ಹಾಗೆ.
ನನ್ನದಲ್ಲ. ಬಿಡಲಿಕ್ಕೂ ಮನಸ್ಸಿಲ್ಲ.

ಎಂಟನೇ ಲೈನಿನ ಆರೋಗ್ಯಸ್ವಾಮಿಯನ್ನು
ಭಾನುವಾರ ಹಿಂದೆ ಕೂರಿಸಿಕೊಂಡು ಬಂದೆ.
ಕುಲುಮೆಯಲ್ಲಿ ಕೆಲಸ ಮಾಡಿದವನು,
ಕಾರ್ಮಿಕರ ಕ್ಲಬ್ಬಿನಲ್ಲಿ ಗಿಟಾರು ಹೊಡೆಯುತ್ತಿದ್ದವನು;
ಮೀಟರು ಓದುವಾಗೆಲ್ಲ ಹೇಳುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ.
ಕಿವಿಯ ಮಷೀನು ಸರಿಮಾಡಿಕೊಂಡು ಕೇಳಿದ.
ಹಾಡು ಮುಗಿಯಿತು. ಹುಡುಗರು ರಿಸಲ್ಟಿಗೆ ಕಾದವರ ಹಾಗೆ.

‘ನಮ್ಮದು ಇಷ್ಟು ಚೆನ್ನಾಗಿರಲಿಲ್ಲ’ ಅಂದ.
‘ತಂತಿ ಕಡಿದರೆ ಸೈಕಲ್ ಬ್ರೇಕಿನ ಎಳೆ ಹಾಕ್ತಿದ್ವಿ.
ಶ್ರುತಿ ಕೂಡಿದ್ದೇ ಇಲ್ಲ.
ಅಲ್ಲ, ಕೊನೇಲಿ ನಿಧಾನಕ್ಕೆ ಇಳಿಸಿ ನಿಲ್ಲಿಸ್ತೀರಲ್ಲ,
ಅದೇನು?’
‘ಎಂಡಿಂಗ್, ತಾತ.’
‘ಹಂಗೊಂದು ನಮ್ಮಲ್ಲಿರಲಿಲ್ಲ.
ಹತ್ತಕ್ಕೆ ಸೈರನ್ ಆಗೋದು. ಡ್ರಮ್ಮಿನ ಪಳನಿ
ಕಡ್ಡಿ ಬಗಲಿಗಿಟ್ಕೊಂಡು ನೈಟ್ ಶಿಫ್ಟಿಗೆ ಓಡೋನು.
ಎಲ್ಲಾ ಹಾಡೂ ಅಲ್ಲಲ್ಲೇ.’

ಯಾರೂ ಮಾತಾಡಲಿಲ್ಲ. ಆಂಪ್ಲಿಫಯರು ಮಾತ್ರ
ಜೇನುಪೆಟ್ಟಿಗೆಯ ಹಾಗೆ ಗುಂಯ್ ಅನ್ನುತ್ತಿತ್ತು.
ಜೋಯೆಲ್ ಕಣ್ಣು ಮಾಡಿದ. ಮೊದಲಿಂದ ಶುರು.
ಎರಡನೇ ಚರಣ, ನಾಲ್ಕೂ ದನಿ, ಇನ್ನೇನು ಏರಬೇಕು,
ನಫೀಸಾ ಎದ್ದಳು.
ಕಡ್ಡಿ ಬಗಲಿಗಿಟ್ಟು, ಹಾಸಿಗೆ ಸರಿಸಿ,
ಬಿಸಿಲಿಗೆ ನಡೆದುಬಿಟ್ಟಳು.

ಉಳಿದ ಮೂವರು ಒಂದೆರಡು ಹೆಜ್ಜೆ ನೆಲವಿಲ್ಲದೆ ನಡೆದು
ನಿಂತರು.
‘ಹಾಂ’ ಅಂದ ಆರೋಗ್ಯಸ್ವಾಮಿ. ಬಾಗಿಲಿನ ಕಡೆಯೇ
ಬಹಳ ಹೊತ್ತು ನೋಡುತ್ತಿದ್ದ.

ಏಪ್ರಿಲ್ಲಿನ ಬಿಲ್ಲು ಇನ್ನೂರು ದಾಟಿತು.
ಕೈಯಲ್ಲೇ ಕೊಟ್ಟೆ, ಬೈದುಕೊಂಡೇ ಈಸಿಕೊಂಡರು.
ಐದನೇ ಕ್ವಾರ್ಟರ್ಸು ಸೊನ್ನೆ. ಆರನೆಯದು ಸೊನ್ನೆ.
ಏಳರ ಮುಂದೆ, ಮಷೀನು ಚೀಲಕ್ಕೆ ಹಾಕಿ,
ಬೀಗಕ್ಕೆ ಕಿವಿ ಹಚ್ಚಿ ನಿಂತೆ ಒಂದು ಗಳಿಗೆ,
ಒಳಗೆ ಏನಾದರೂ ಬಿಸಿಯಾಗುತ್ತಿದೆಯೋ ಅಂತ.